ಧಾರವಾಡ ಸಪ್ತಾಪುರದ ‘ಎಐ ಹಾಳೆ’ ಅಂಗಡಿ: ಥೀಸಿಸ್ ಬೈಂಡ್ ಮಾಡಿಸುವವರಿಗೆ ನನ್ನ ಅಭಿಪ್ರಾಯ

ಥೀಸಿಸ್ ಟೈಪ್ ಮಾಡಿಸಿ, ಪ್ರಿಂಟ್ ತೆಗೆಸಿ, ಹಾರ್ಡ್ ಬೈಂಡಿಂಗ್ ಮಾಡಿಸೋದಕ್ಕೆ ಧಾರವಾಡದಲ್ಲಿ ಅಂಗಡಿಗಳಿಗೆ ಬರ ಇಲ್ಲ. ಸಪ್ತಾಪುರದಿಂದ ಶ್ರೀನಗರ ಸರ್ಕಲ್ ಕಡೆ ನಡೆದರೆ ಝೆರಾಕ್ಸ್ ಅಂಗಡಿಗಳೇ ಅಂಗಡಿಗಳು. ನಾನು ಹೇಳಹೊರಟಿರುವುದು ಸಪ್ತಾಪುರದ ಒಳ ರಸ್ತೆಯಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಸಣ್ಣ ಅಂಗಡಿಯ ಬಗ್ಗೆ. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, ಈಗಿರುವ ಕೆಲಸವೇ ಕೈಮೀರಿದೆಯಂತೆ, ಹಾಗಾಗಿ ಹಾಕಿಲ್ಲ. ಆದರೆ ರಿಸರ್ಚ್ ಸ್ಕಾಲರ್‌ಗಳನ್ನು ಯಾರನ್ನಾದರೂ ‘ಎಐ ಹಾಳೆ ಬರೆಸ್ತಾರಲ್ಲ, ಆ ಅಂಗಡಿ ಎಲ್ಲಿ’ ಅಂತ ಕೇಳಿ. ದಾರಿ ತೋರಿಸುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳ್ತೀನಿ, ಅದು ಸಣ್ಣ ವಿಷಯ ಅಲ್ಲ.

ಮೊದಲು ಆ ಹಾಳೆಯ ಬಗ್ಗೆ. ಪೆನ್ ಡ್ರೈವ್ ಕೈಗೆ ಕೊಟ್ಟ ಕೂಡಲೇ ಅಣ್ಣ ಕೇಳುವುದು ಪುಟ ಎಷ್ಟು, ಪ್ರತಿ ಎಷ್ಟು ಅಂತಲ್ಲ. "ಅಕ್ಕಾರ, ಇದರಾಗ ಎಐ ಎಲ್ಲೆಲ್ಲಿ ಬಳಸೀರಿ ಹೇಳ್ರಿ, ಆಮ್ಯಾಲೆ ಫೈಲ್ ತಗೀತೀನಿ." ಪೇಪರ್ 75 ಜಿಎಸ್‌ಎಂ ಬೇಕೋ 100 ಬೇಕೋ ಅಂತ ಕೇಳುವ ಅದೇ ದನಿಯಲ್ಲಿ ಕೇಳುತ್ತಾರೆ. ಕಳ್ಳನನ್ನು ಹಿಡಿದ ಹಾಗೆ ಮುಖ ಮಾಡಲ್ಲ. ಇದು ಬಹಳ ಮುಖ್ಯ, ಯಾಕೆಂದರೆ ನಮ್ಮ ಕಡೆ ಎಐ ಅಂದ ಕೂಡಲೇ ಹುಡುಗರು ಬಾಯಿ ಮುಚ್ಚಿಕೊಳ್ಳುತ್ತಾರೆ. ಬಳಸದೇ ಇರುವವರು ಕಡಿಮೆ, ಬಳಸಿದ್ದೇನೆ ಅಂತ ಗೈಡ್ ಮುಂದೆ ಹೇಳುವವರು ಇನ್ನೂ ಕಡಿಮೆ. ಆಮೇಲೆ ಒಂದು ಎ4 ಹಾಳೆ ಕೊಡುತ್ತಾರೆ. ಯಾವ ಟೂಲ್, ಅದರ ಯಾವ ಆವೃತ್ತಿ, ಯಾವ ತಿಂಗಳು, ಯಾವ ಅಧ್ಯಾಯ, ಯಾವ ಕೆಲಸಕ್ಕೆ, ಅದು ಕೊಟ್ಟಿದ್ದನ್ನು ನೀವು ಏನು ಮಾಡಿದಿರಿ, ಯಾರು ಪರಿಶೀಲಿಸಿದರು. ಎಲ್ಲದರ ಮುಂದೆಯೂ ಖಾಲಿ ಗೆರೆ. ನೀವೇ ತುಂಬಬೇಕು.

"ನೀವೇ ಒಂದು ಪ್ಯಾರಾ ಬರೆದು ಹಾಕಿಬಿಡಿ ಅಣ್ಣ" ಅಂತ ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗ ಕೇಳಿದ. ಅಣ್ಣ ಒಪ್ಪಲಿಲ್ಲ. "ನಾವು ಬರದ್ರ ಅದು ನಮ್ಮ ಮಾತ ಆಗ್ತೈತ್ರಿ. ಸಹಿ ನಿಮ್ದು ಇರತೈತಿ, ಮಾತೂ ನಿಮ್ದ ಇರಬೇಕು" ಅಂದರು. ನನಗೆ ಈ ಅಂಗಡಿಯಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಬೇರೆ ಕಡೆ ರೆಡಿಮೇಡ್ ವಾಕ್ಯ ಒಂದು ಇಟ್ಟುಕೊಂಡಿರುತ್ತಾರೆ. ‘ಈ ಮಹಾಪ್ರಬಂಧದ ಭಾಷೆಯನ್ನು ಉತ್ತಮಗೊಳಿಸಲು ಎಐ ಸಾಧನಗಳ ನೆರವು ಪಡೆಯಲಾಗಿದೆ.’ ಇದೇ ವಾಕ್ಯ ಭೂಗೋಳದ ಥೀಸಿಸ್ಸಿನಲ್ಲೂ ಇರುತ್ತದೆ, ಕನ್ನಡದ ಥೀಸಿಸ್ಸಿನಲ್ಲೂ ಇರುತ್ತದೆ. ಯಾವ ಸಾಧನ? ಎಷ್ಟು ನೆರವು? ಯಾವ ಅಧ್ಯಾಯದಲ್ಲಿ? ಓದುವವರಿಗೆ ಒಂದೂ ಗೊತ್ತಾಗಲ್ಲ. ಅಂಥ ವಾಕ್ಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನೊಂದು ಥರದ ಅಂಗಡಿಗಳೂ ಇವೆ. ‘ಎಐ ಪರ್ಸೆಂಟೇಜ್ ಕಡಿಮೆ ಮಾಡಿಕೊಡಲಾಗುತ್ತದೆ’ ಅಂತ ಕಂಬಕ್ಕೆ ಚೀಟಿ ಅಂಟಿಸುತ್ತಾರೆ, ಪುಟಕ್ಕೆ ಇಷ್ಟು ಅಂತ ದುಡ್ಡು ತಗೊಳ್ಳುತ್ತಾರೆ. ಅವರು ಮಾಡೋದೇನು? ನಿಮ್ಮ ಬರಹವನ್ನು ಇನ್ನೊಂದು ಟೂಲ್‌ಗೆ ಹಾಕಿ ಪದಗಳನ್ನು ಅದಲು ಬದಲು ಮಾಡಿಸುತ್ತಾರೆ. ಇದರ ಫಲ ಏನಾಗುತ್ತದೆ ಅಂತ ಗಿಯೋಮ್ ಕಬನಾಕ್ ಅನ್ನುವ ಫ್ರಾನ್ಸಿನ ಸಂಶೋಧಕರು ಮತ್ತು ಅವರ ಜೊತೆಯವರು 2021ರಲ್ಲೇ ತೋರಿಸಿದ್ದಾರೆ. ವೈಜ್ಞಾನಿಕ ಲೇಖನಗಳಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಇರಬೇಕಾದ ಜಾಗದಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಅಂತ, ‘ಬಿಗ್ ಡೇಟಾ’ ಜಾಗದಲ್ಲಿ ‘ಕಲೋಸಲ್ ಇನ್ಫರ್ಮೇಶನ್’ ಅಂತ ಬಂದಿತ್ತು. ವರ್ಷಗಟ್ಟಲೆ ಊರೂರು ತಿರುಗಿ ಮಾಡಿದ ಕೆಲಸವನ್ನು ಇಂಥ ಗಿರಣಿಗೆ ಹಾಕಿ ಹಾಳು ಮಾಡಿಕೊಳ್ಳಬೇಡಿ. ಸಪ್ತಾಪುರದ ಅಣ್ಣ ಈ ಕೆಲಸ ಮಾಡಲ್ಲ. ಕೇಳಿದವರನ್ನು ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ನನ್ನ ಕೆಲಸ ಹಾವೇರಿ ಜಿಲ್ಲೆಯ ಬೀಸುವ ಪದಗಳ, ಅಂದರೆ ಬೀಸುವಾಗ ಹಾಡುವ ಹಾಡುಗಳ ಮೇಲೆ. ಹಾನಗಲ್ಲ, ಸವಣೂರು, ಶಿಗ್ಗಾವಿ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಹೆಣ್ಣುಮಕ್ಕಳು ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದು ಬರಹಕ್ಕೆ ಇಳಿಸಿದ್ದೇನೆ. ಎಐಯನ್ನು ಮೂರು ಕೆಲಸಕ್ಕೆ ಬಳಸಿದ್ದೆ: ರೆಕಾರ್ಡಿಂಗ್‌ನಿಂದ ಮೊದಲ ಕರಡು ಬರಹ ತೆಗೆಯಲು, ಇಂಗ್ಲಿಷ್ ಸಾರಾಂಶದ ಭಾಷೆ ತಿದ್ದಲು, ಹಳೆಯ ಸಂಶೋಧನೆ ಏನಿದೆ ಅಂತ ಹುಡುಕಲು. ಈ ಮೂರನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ವೈನಿ, ಅಂದರೆ ಅಣ್ಣನ ಹೆಂಡತಿ, ಕನ್ನಡ ಟೈಪಿಂಗ್ ಎಲ್ಲಾ ಅವರದೇ, ಹಾಳೆ ಓದಿ ಮೂರನ್ನೂ ಮೂರು ಕಡೆ ಹಾಕಿಸಿದರು. ಅವರು ಮಾಡಿಸಿದ್ದು ಸರಿ.

ಕರಡು ಬರಹದ ವಿಷಯ ನೋಡಿ. ಆ ಟೂಲ್‌ಗೆ ನಮ್ಮ ಕಡೆಯ ಮಾತು ಹಿಡಿಸಲ್ಲ. ಅಜ್ಜಿ ‘ಬಂದಾಳ’ ಅಂತ ಹಾಡಿದರೆ ಅದು ‘ಬಂದಳು’ ಅಂತ ಬರೆಯುತ್ತದೆ. ‘ಹೋಗೂಣು’ ಅನ್ನೋದು ‘ಹೋಗೋಣ’ ಆಗುತ್ತದೆ. ‘ಕೊಡತಾಳ’ ಇದ್ದದ್ದು ‘ಕೊಡುತ್ತಾಳೆ’ ಆಗಿ ಒಂದು ಮಾತ್ರೆ ಎರಡು ಮಾತ್ರೆ ಹೆಚ್ಚು ಕಡಿಮೆ ಆಗಿ ತ್ರಿಪದಿಯ ನಡೆಯೇ ಮುರಿದು ಬೀಳುತ್ತದೆ. ಬೀಸುವ ಪದದಲ್ಲಿ ಆ ನಡೆಯೇ ಜೀವ ಅಲ್ವಾ? ಕಲ್ಲು ತಿರುಗುವ ಲಯಕ್ಕೆ ಸಾಲು ಕೂಡಬೇಕು. ನಾನು ಪ್ರತಿ ಸಾಲನ್ನೂ ರೆಕಾರ್ಡಿಂಗ್ ಕೇಳಿ ಕೇಳಿ ಮತ್ತೆ ಬರೆದಿದ್ದೇನೆ. ಆದರೂ ಮೊದಲ ಕರಡನ್ನು ಯಂತ್ರ ತೆಗೆದಿತ್ತು ಅನ್ನೋದು ಓದುವವರಿಗೆ ಗೊತ್ತಿರಬೇಕು. ನಾಳೆ ಯಾರಾದರೂ ಹಾವೇರಿ ಸೀಮೆಯ ಮಾತಿನ ಮೇಲೆ ಕೆಲಸ ಮಾಡುವಾಗ ನನ್ನ ಪಠ್ಯವನ್ನೇ ಆಧಾರ ಮಾಡಿಕೊಂಡರೆ, ಎಲ್ಲಾದರೂ ಒಂದು ‘ಬಂದಳು’ ಉಳಿದಿದ್ದರೆ ಅದು ಅಜ್ಜಿಯದೋ ಯಂತ್ರದ್ದೋ ಅಂತ ಅವರು ಕೇಳಿಕೊಳ್ಳಲು ದಾರಿ ಇರಬೇಕು. ಹಾಗಾಗಿ ಇದು ಕೃತಜ್ಞತೆಯ ಪುಟಕ್ಕೆ ಸೇರುವ ಮಾತಲ್ಲ, ಸಂಶೋಧನಾ ವಿಧಾನದ ಅಧ್ಯಾಯಕ್ಕೆ ಸೇರಬೇಕು.

ವೈನಿಗೆ ಇದು ಹೇಗೆ ಗೊತ್ತು ಅಂತ ನನಗೂ ಆಶ್ಚರ್ಯ ಆಯಿತು. ಅವರ ಹತ್ತಿರ ಒಂದು ಸ್ಪೈರಲ್ ಫೈಲ್ ಇದೆ, ಬೇರೆ ಬೇರೆ ಪತ್ರಿಕೆಗಳ, ಸಂಸ್ಥೆಗಳ ನಿಯಮಗಳ ಪ್ರಿಂಟ್ ಹಾಕಿಟ್ಟಿದ್ದಾರೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ ಇದನ್ನೇ ಹೇಳುತ್ತದೆ. ಬರವಣಿಗೆಗೆ ಸಹಾಯ ತಗೊಂಡಿದ್ದರೆ ಕೃತಜ್ಞತೆಯಲ್ಲಿ ಹೇಳಿ, ಮಾಹಿತಿ ಸಂಗ್ರಹಕ್ಕೋ ವಿಶ್ಲೇಷಣೆಗೋ ಚಿತ್ರ ತಯಾರಿಸಲೋ ಬಳಸಿದ್ದರೆ ವಿಧಾನದ ಭಾಗದಲ್ಲಿ ಹೇಳಿ ಅಂತ. ಡಾಕ್ಟರುಗಳ ಪತ್ರಿಕೆಗೆ ಮಾಡಿದ ನಿಯಮ ಆದರೂ ಜಾನಪದಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಆ ಫೈಲ್ ಅಂಗಡಿಯಲ್ಲೇ ಕೂತು ಓದಬಹುದು, ಹೊರಗೆ ಕೊಡಲ್ಲ.

ಅಣ್ಣ ಕೇಳಿದ ಇನ್ನೊಂದು ಪ್ರಶ್ನೆಯನ್ನು ನನ್ನ ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ. "ಆ ಅಜ್ಜಿಯರ ದನಿ ಆ ಕಂಪನಿಗೆ ಕಳಸೂ ಮುಂದ ಅವರನ್ನ ಕೇಳಿದ್ರೇನು?" ನಾನು ಕೇಳಿದ್ದೆ, ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನೂ ಅದೇ ಅಧ್ಯಾಯದಲ್ಲಿ ಒಂದು ವಾಕ್ಯವಾಗಿ ಸೇರಿಸಿದೆ. ಕ್ಷೇತ್ರಕಾರ್ಯ ಮಾಡುವ ಎಲ್ಲರೂ ಇದನ್ನು ಮೊದಲೇ ಯೋಚಿಸಬೇಕು. ಸಂದರ್ಶನದ ಆಡಿಯೋ, ರೋಗಿಗಳ ಮಾಹಿತಿ, ಮಕ್ಕಳ ಉತ್ತರ ಪತ್ರಿಕೆ, ಯಾವುದೇ ಇರಲಿ, ಅದು ನಿಮ್ಮೊಬ್ಬರ ಸ್ವತ್ತಲ್ಲ.

ಈಗ ಕೃತಜ್ಞತೆ ಪುಟಕ್ಕೆ ಬರೋಣ. ಗೈಡ್‌ಗೆ, ಅಪ್ಪ ಅವ್ವನಿಗೆ, ಲೈಬ್ರರಿಯವರಿಗೆ, ಹಾಸ್ಟೆಲ್ ಗೆಳೆಯರಿಗೆ, ಕೊನೆಗೆ ‘ಚಾಟ್‌ಜಿಪಿಟಿಗೂ ಧನ್ಯವಾದಗಳು’ ಅಂತ ಒಂದು ಸಾಲು ಹಾಕುವ ರೂಢಿ ಬರುತ್ತಿದೆ. ಮನಸ್ಸು ಒಳ್ಳೆಯದೇ. ಆದರೆ ಧನ್ಯವಾದ ಹೇಳಿದರೆ ವಿವರ ಕೊಟ್ಟ ಹಾಗೆ ಆಗಲ್ಲ. ಮತ್ತೆ ನಮ್ಮ ದೇಶದ ಥೀಸಿಸ್‌ಗಳನ್ನು ಇಡುವ ಶೋಧಗಂಗಾ ವೆಬ್‌ಸೈಟಿನಲ್ಲಿ ಒಂದು ಥೀಸಿಸ್ ಹೇಗೆ ಇರುತ್ತದೆ ಅಂತ ನೀವು ನೋಡಿರುತ್ತೀರಿ. ಮುಖಪುಟ ಒಂದು ಪಿಡಿಎಫ್, ಪ್ರಮಾಣಪತ್ರ ಒಂದು, ಕೃತಜ್ಞತೆ ಒಂದು, ಒಂದೊಂದು ಅಧ್ಯಾಯ ಒಂದೊಂದು ಪಿಡಿಎಫ್. ಗದಗಿನಲ್ಲೋ ಗುಲ್ಬರ್ಗಾದಲ್ಲೋ ಕೂತ ಒಬ್ಬ ವಿದ್ಯಾರ್ಥಿ ತನಗೆ ಬೇಕಾದ ನಾಲ್ಕನೇ ಅಧ್ಯಾಯ ಒಂದನ್ನೇ ಇಳಿಸಿಕೊಳ್ಳುತ್ತಾನೆ. ಕೃತಜ್ಞತೆಯ ಫೈಲ್ ಯಾರು ತೆರೆಯುತ್ತಾರೆ ಹೇಳಿ? ಅದಕ್ಕೇ ವೈನಿ ಆಯಾ ಅಧ್ಯಾಯದ ಮೊದಲ ಪುಟದಲ್ಲೇ ಒಂದು ಅಡಿಟಿಪ್ಪಣಿ ಹಾಕಿಸುತ್ತಾರೆ. ನನ್ನದು ಹೀಗಿದೆ: ‘ಈ ಅಧ್ಯಾಯದ ಪದಗಳ ಮೊದಲ ಕರಡನ್ನು ಧ್ವನಿಯಿಂದ ಬರಹಕ್ಕೆ ತರುವ ಎಐ ಸಾಧನದಿಂದ ತೆಗೆಯಲಾಗಿದೆ. ಎಲ್ಲ ಸಾಲುಗಳನ್ನೂ ಮೂಲ ಧ್ವನಿಮುದ್ರಣದೊಂದಿಗೆ ಹೋಲಿಸಿ ಲೇಖಕಿ ತಿದ್ದಿದ್ದಾರೆ. ವಿವರಕ್ಕೆ ಎರಡನೇ ಅಧ್ಯಾಯ ನೋಡಿ.’ ಜೊತೆಗೆ ಟೂಲ್ ಹೆಸರು, ಆವೃತ್ತಿ, ತಿಂಗಳು. ಚಿಕ್ಕದಾಗಿದೆ, ಆದರೂ ಬೇಕಾದದ್ದೆಲ್ಲಾ ಇದೆ.

ಗ್ರಂಥಸೂಚಿಯಲ್ಲಿ ಎಐಯನ್ನು ಲೇಖಕ ಅಂತ ಸೇರಿಸಬಹುದಾ? ಇದು ಅಂಗಡಿಯಲ್ಲಿ ಪ್ರತಿ ದಿನ ನಡೆಯುವ ಚರ್ಚೆ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ. ಸ್ವಲ್ಪ ದಿನದಲ್ಲೇ ಕೆಲವು ಲೇಖನಗಳಲ್ಲಿ ಅದರ ಹೆಸರು ಸಹಲೇಖಕ ಅಂತಲೇ ಬಂದುಬಿಟ್ಟಿತ್ತು. 2023ರ ಜನವರಿಯಲ್ಲಿ ನೇಚರ್ ಪತ್ರಿಕೆ ಇದಕ್ಕೆ ಅವಕಾಶ ಇಲ್ಲ ಅಂತ ಬರೆಯಿತು, ಫೆಬ್ರವರಿಯಲ್ಲಿ ಪ್ರಕಟಣಾ ನೀತಿಯ ಸಮಿತಿ ಕೋಪ್ ಕೂಡ ಹಾಗೇ ಹೇಳಿತು. ಕಾರಣ ಸರಳ. ಲೇಖಕ ಅಂದರೆ ಬರೆದದ್ದಕ್ಕೆ ಜವಾಬ್ದಾರಿ ಹೊರಬೇಕು. ನಾಳೆ ವೈವಾದಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕು. ಯಂತ್ರ ಬಂದು ಕುರ್ಚಿಯಲ್ಲಿ ಕೂರಲ್ಲ.

ಆದರೆ ಉಲ್ಲೇಖದಲ್ಲಿ ಹೇಗೆ ಬರೆಯಬೇಕು ಅನ್ನೋದರಲ್ಲಿ ಎಪಿಎ, ಎಂಎಲ್‌ಎ, ಶಿಕಾಗೊ ಅನ್ನುವ ಉಲ್ಲೇಖದ ಶೈಲಿಗಳು ಒಂದೊಂದು ದಿಕ್ಕಿಗೆ ಇವೆ. ಎಪಿಎ 2023ರಲ್ಲಿ ಕೊಟ್ಟ ಮಾದರಿಯಲ್ಲಿ ಲೇಖಕರ ಜಾಗದಲ್ಲಿ ಕಂಪನಿಯ ಹೆಸರು ಬರುತ್ತದೆ. ಓಪನ್‌ಎಐ, ವರ್ಷ, ಚಾಟ್‌ಜಿಪಿಟಿ, ಮಾರ್ಚ್ 14ರ ಆವೃತ್ತಿ, ಲಾರ್ಜ್ ಲ್ಯಾಂಗ್ವೇಜ್ ಮಾಡೆಲ್, ಆಮೇಲೆ ಲಿಂಕ್. ಎಂಎಲ್‌ಎ ಲೇಖಕರ ಜಾಗವನ್ನೇ ಬಿಟ್ಟುಬಿಡುತ್ತದೆ, ನೀವು ಕೇಳಿದ ಪ್ರಶ್ನೆಯಿಂದ ಶುರು ಮಾಡಿ ಟೂಲ್, ಆವೃತ್ತಿ, ಕಂಪನಿ, ತಾರೀಖು ಕೊಡಬೇಕು. ಶಿಕಾಗೊ ಶೈಲಿಯವರು ಅಡಿಟಿಪ್ಪಣಿಯಲ್ಲಿ ಹೇಳಿ ಸಾಕು ಅನ್ನುತ್ತಾರೆ, ಬೇರೆಯವರು ತೆರೆದು ನೋಡಬಹುದಾದ ಲಿಂಕ್ ಇಲ್ಲದಿದ್ದರೆ ಗ್ರಂಥಸೂಚಿಗೆ ಹಾಕಬೇಡಿ ಅಂತ. ನನಗೆ ಶಿಕಾಗೊದವರ ಮಾತು ಹೆಚ್ಚು ಸರಿ ಅನಿಸುತ್ತದೆ. ಗ್ರಂಥಸೂಚಿ ಇರುವುದೇ ಓದುಗ ಮೂಲಕ್ಕೆ ಹೋಗಿ ನೋಡಲಿ ಅಂತ. ಒಂದೇ ಪ್ರಶ್ನೆಯನ್ನು ಎಐಗೆ ಬೆಳಿಗ್ಗೆ ಕೇಳಿದರೆ ಒಂದು ಉತ್ತರ, ಸಂಜೆ ಕೇಳಿದರೆ ಇನ್ನೊಂದು. ಹೋಗಿ ನೋಡಲು ಅಲ್ಲಿ ಮೂಲ ಎಲ್ಲಿದೆ? ಅದಕ್ಕೇ ಮುಖ್ಯವಾದ ಸಂಭಾಷಣೆಗಳನ್ನು ಪ್ರಿಂಟ್ ತೆಗೆದು ಅನುಬಂಧದಲ್ಲಿ ಹಾಕಿ ಅಂತ ವೈನಿ ಹೇಳುತ್ತಾರೆ. ಪುಟ ಜಾಸ್ತಿ ಆಗುತ್ತದೆ, ದುಡ್ಡೂ ಜಾಸ್ತಿ ಆಗುತ್ತದೆ, ಆದರೂ ಹಾಕಿಸಿ. ಯಾವ ಶೈಲಿ ಅನ್ನೋದನ್ನು ಮಾತ್ರ ನಿಮ್ಮ ವಿಭಾಗದಲ್ಲಿ ಕೇಳಿಕೊಂಡೇ ಹೋಗಿ. ಅರ್ಧ ಎಪಿಎ ಅರ್ಧ ಎಂಎಲ್‌ಎ ಮಾಡಿಕೊಂಡು ಬಂದವರ ಕೆಲಸ ಅಲ್ಲಿ ಎಲ್ಲರಿಗಿಂತ ತಡ ಆಗುತ್ತದೆ.

ಸುಳ್ಳು ಅಡಿಟಿಪ್ಪಣಿಗಳ ವಿಷಯದಲ್ಲಿ ವೈನಿಯ ಕಣ್ಣು ಬಹಳ ಚುರುಕು. ನನಗೆ ಪರಿಚಯದ ಸ್ಕಾಲರ್ ಒಬ್ಬಳ ಫೈಲ್‌ನಲ್ಲಿ ಒಂದು ಪುಸ್ತಕದ ಉಲ್ಲೇಖ ಇತ್ತು. ಲೇಖಕರ ಹೆಸರು, ಪ್ರಕಾಶಕರು ಧಾರವಾಡದ ಮನೋಹರ ಗ್ರಂಥಮಾಲೆ, ವರ್ಷ, ಪುಟ ಸಂಖ್ಯೆ, ಎಲ್ಲಾ ಒಪ್ಪವಾಗಿ ಕೂತಿತ್ತು. ವೈನಿ ಟೈಪ್ ಮಾಡುವ ಕೈ ನಿಲ್ಲಿಸಿ, "ಈ ಪುಸ್ತಕ ಕೈಯಾಗ ಹಿಡದು ನೋಡೀರೇನು?" ಅಂದರು. ಇವಳು ಉತ್ತರ ಕೊಡಲಿಲ್ಲ. "ಗ್ರಂಥಮಾಲಾ ಇಲ್ಲೇ ಸುಭಾಸ ರೋಡಿನ್ಯಾಗ ಐತಲ್ಲ ತಂಗಿ, ಹೋಗಿ ಕೇಳಿಕೊಂಡು ಬಾ." ಹೋಗಿ ಕೇಳಿದರೆ ಅಂಥ ಪುಸ್ತಕವೇ ಇಲ್ಲ. 1933ರಿಂದ ಪುಸ್ತಕ ತರುತ್ತಿರುವ ಪ್ರಕಾಶನ, ಕನ್ನಡ ಓದುವವರಿಗೆಲ್ಲಾ ಗೊತ್ತಿರುವ ಹೆಸರು. ಹಾಗಾಗಿಯೇ ಎಐಗೂ ಆ ಹೆಸರು ಸುಲಭವಾಗಿ ಸಿಕ್ಕಿದೆ. ಅದು ಯಾವ ಕ್ಯಾಟಲಾಗನ್ನೂ ತೆರೆದು ನೋಡಿ ಹೇಳಿದ್ದಲ್ಲ, ಧಾರವಾಡ, ಜಾನಪದ, ಪುಸ್ತಕ ಅಂದರೆ ಮುಂದೆ ಯಾವ ಪದ ಬರುವ ಸಂಭವ ಜಾಸ್ತಿಯೋ ಅದನ್ನು ಜೋಡಿಸಿಕೊಂಡು ಹೋಗಿದೆ. ಇಂಟರ್‌ನೆಟ್ ಹುಡುಕಿ ಉತ್ತರ ಕೊಡುವ ಟೂಲ್‌ಗಳಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತ ಅಲ್ಲ. ಅದರಲ್ಲೂ ನಮ್ಮ ಕಡೆಯ ಎಷ್ಟೋ ಪುಸ್ತಕಗಳು ಇಂಟರ್‌ನೆಟ್ಟಿಗೆ ಬಂದೇ ಇಲ್ಲ. ಅಮೆರಿಕದಲ್ಲಿ ಇಂಥದೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟಿದ್ದಕ್ಕೆ ವಕೀಲರಿಗೆ 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದ್ದರು.

ಇಲ್ಲೊಂದು ಮಾತು ಸ್ಪಷ್ಟ ಇರಲಿ. ಎಐ ನಿಮಗೆ ಒಂದು ನಿಜವಾದ ಪುಸ್ತಕದ ದಾರಿ ತೋರಿಸಿದರೆ, ನೀವು ಆ ಪುಸ್ತಕ ತಂದು ಓದಿ, ಆ ಪುಸ್ತಕವನ್ನೇ ಉಲ್ಲೇಖಿಸಬೇಕು. ‘ಎಐ ಹೀಗೆ ಹೇಳಿದೆ’ ಅಂತ ಉಲ್ಲೇಖ ಹಾಕಿದ ಮಾತ್ರಕ್ಕೆ ಒಂದು ವಚನದ ಪಾಠ ಸರಿ ಅಂತಾಗಲ್ಲ. ಕೊನೆಗೆ ‘ಕೂಡಲಸಂಗಮದೇವಾ’ ಅಂತ ಇದ್ದ ಕೂಡಲೇ ಅದು ಬಸವಣ್ಣನವರದು ಆಗಿಬಿಡಲ್ಲ. ಅಂಕಿತ ಅಂಟಿಸೋದು ಯಂತ್ರಕ್ಕೆ ಸುಲಭ. ಸರ್ಕಾರವೇ ತಂದ ಸಮಗ್ರ ವಚನ ಸಂಪುಟಗಳು 15 ಇವೆ, ಲೈಬ್ರರಿಯಲ್ಲಿ ಸಿಗುತ್ತವೆ, ತೆರೆದು ನೋಡಬೇಕು.

ಇನ್ನು ಆ ಒಂದು ಸ್ಟಾರ್. ಅಂಗಡಿಯಲ್ಲಿ ಒಂದು ಕಂಪ್ಯೂಟರ್‌ನಲ್ಲಿ ಪುಕ್ಕಟೆ ಎಐ ಡಿಟೆಕ್ಟರ್, ಅಂದರೆ ಬರಹ ಎಐ ಬರೆದದ್ದೋ ಮನುಷ್ಯರು ಬರೆದದ್ದೋ ಅಂತ ಅಂದಾಜು ಹೇಳುವ ಟೂಲ್ ತೆರೆದಿಟ್ಟಿರುತ್ತಾರೆ. ಯಾರಾದರೂ ಕೇಳಿದರೆ ಅಣ್ಣ ಒಂದು ಅಧ್ಯಾಯ ಹಾಕಿ ಪರ್ಸೆಂಟೇಜ್ ತೋರಿಸುತ್ತಾರೆ. ದುಡ್ಡು ತಗೊಳ್ಳಲ್ಲ, ಸಹಾಯ ಅಂತಲೇ ಮಾಡುತ್ತಾರೆ. ಆದರೆ ಇದನ್ನು ನಿಲ್ಲಿಸಬೇಕು ಅಂತ ಅವರಿಗೇ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥ ಒಂದು ಡಿಟೆಕ್ಟರ್ ತಂದಿತ್ತು. ಎಐ ಬರೆದದ್ದರಲ್ಲಿ 26 ಪರ್ಸೆಂಟ್ ಮಾತ್ರ ಅದಕ್ಕೆ ಗೊತ್ತಾಗುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ 9 ಪರ್ಸೆಂಟನ್ನು ಎಐ ಅಂತ ಹೇಳುತ್ತಿತ್ತು. ನಿಖರತೆ ಕಡಿಮೆ ಅಂತ ಜುಲೈನಲ್ಲಿ ಅವರೇ ವಾಪಸ್ ತಗೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಪರೀಕ್ಷೆ) ಪ್ರಬಂಧಗಳನ್ನು 7 ಡಿಟೆಕ್ಟರ್‌ಗಳಿಗೆ ಹಾಕಿ ನೋಡಿದರು. ಸರಾಸರಿ 61 ಪರ್ಸೆಂಟಿಗಿಂತ ಜಾಸ್ತಿ ಪ್ರಬಂಧಗಳು ಎಐ ಬರೆದವು ಅಂತ ಬಂತು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಿಗೆ ಹೆಚ್ಚುಕಡಿಮೆ ಆ ತೊಂದರೆಯೇ ಆಗಲಿಲ್ಲ. ಕಾರಣ ಏನು ಅಂದರೆ, ಕಲಿತ ಇಂಗ್ಲಿಷಿನಲ್ಲಿ ಬರೆಯುವವರು ಸರಳವಾದ, ಎಲ್ಲರೂ ಬಳಸುವ ಪದಗಳನ್ನು ಜಾಸ್ತಿ ಬಳಸುತ್ತಾರೆ, ಡಿಟೆಕ್ಟರ್ ಅದನ್ನೇ ಯಂತ್ರದ ಗುರುತು ಅಂದುಕೊಳ್ಳುತ್ತದೆ. ಬ್ಯಾಡಗಿಯಲ್ಲಿ, ರೋಣದಲ್ಲಿ, ಕುಂದಗೋಳದಲ್ಲಿ ಕನ್ನಡ ಮಾಧ್ಯಮ ಓದಿ ಬಂದು ಕಷ್ಟಪಟ್ಟು ಇಂಗ್ಲಿಷಿನಲ್ಲಿ ಥೀಸಿಸ್ ಬರೆದ ಹುಡುಗಿಗೆ ಆ ಸ್ಕ್ರೀನ್ ಮೇಲೆ 70 ಪರ್ಸೆಂಟ್ ಅಂತ ತೋರಿಸಿದರೆ ಅವಳ ಗತಿ ಏನು? ಅಂಥ ಮುಖ ನಾನು ಆ ಅಂಗಡಿಯಲ್ಲೇ ನೋಡಿದ್ದೇನೆ. ಅವಳು ತನ್ನ ಒಳ್ಳೆಯ ವಾಕ್ಯಗಳನ್ನು ತಾನೇ ಕೆಡಿಸಿಕೊಂಡು ಬರಲು ಮನೆಗೆ ಹೋದಳು. ಅದಲ್ಲದೆ, ಇನ್ನೂ ಸಬ್ಮಿಟ್ ಆಗದ ಥೀಸಿಸ್ಸನ್ನು ಯಾರದೋ ಪುಕ್ಕಟೆ ವೆಬ್‌ಸೈಟಿಗೆ ಹಾಕಿದರೆ ಅದು ಎಲ್ಲಿ ಹೋಗಿ ಸೇರುತ್ತದೆ ಅನ್ನೋದು ನಮ್ಮ ಕೈಯಲ್ಲಿ ಇರಲ್ಲ.

ಪರ್ಸೆಂಟೇಜ್ ಅಂದಾಗ ಇನ್ನೊಂದು ಗೊಂದಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯದ ನಿಯಮದಲ್ಲಿರುವುದು ಹೋಲಿಕೆಯ ಪರ್ಸೆಂಟೇಜ್, ಅಂದರೆ ಬೇರೆಯವರ ಬರಹದ ಜೊತೆ ನಿಮ್ಮದು ಎಷ್ಟು ಹೊಂದುತ್ತದೆ ಅನ್ನೋದು. 10 ಪರ್ಸೆಂಟ್ ತನಕ ಶಿಕ್ಷೆ ಇಲ್ಲ. 10ರಿಂದ 40ರ ತನಕ ಇದ್ದರೆ 6 ತಿಂಗಳ ಒಳಗೆ ತಿದ್ದಿ ಕೊಡಬೇಕು, 60ರ ತನಕ ಹೋದರೆ 1 ವರ್ಷ ತಿದ್ದಿದ ಪ್ರತಿ ಕೊಡುವ ಹಾಗಿಲ್ಲ, 60 ದಾಟಿದರೆ ನೋಂದಣಿ ರದ್ದು. ಈ ನಿಯಮ ಬಂದಾಗ ಚಾಟ್‌ಜಿಪಿಟಿ ಇರಲೇ ಇಲ್ಲ. ಎಐ ಡಿಟೆಕ್ಟರ್ ತೋರಿಸುವ ಅಂಕಿಗೂ ಇದಕ್ಕೂ ಸಂಬಂಧ ಇಲ್ಲ. ಎಐ ಬರೆದ ಪ್ಯಾರಾಕ್ಕೆ ಹೋಲಿಕೆ ಸೊನ್ನೆ ಬರಬಹುದು, ನೀವೇ ಬರೆದದ್ದಕ್ಕೆ ಡಿಟೆಕ್ಟರ್ 70 ಅನ್ನಬಹುದು. ಎರಡನ್ನೂ ಕಲಸಿಕೊಂಡು ‘ಎಐ 10ರ ಒಳಗೆ ಇರಬೇಕಂತೆ’ ಅಂತ ಹೆದರಿಕೊಂಡು ಬರುವವರು ಬಹಳ. ಅಣ್ಣ ಆ ಡಿಟೆಕ್ಟರ್ ಮುಚ್ಚಿ, ಈ ವ್ಯತ್ಯಾಸ ಹೇಳುವ ಒಂದು ಚೀಟಿಯನ್ನು ಗೋಡೆಗೆ ಅಂಟಿಸಿದರೆ ಐದನೇ ಸ್ಟಾರ್ ನಾನೇ ಬಂದು ಕೊಡುತ್ತೇನೆ. ತಾವೇ ಕೈಯಾರೆ ಬರೆಸಿದ ಎಐ ಹಾಳೆ ಪಕ್ಕದಲ್ಲೇ ಇರುವಾಗ ಆ ಸ್ಕ್ರೀನ್ ಯಾಕೆ ಬೇಕು?

ಹಾಳೆಯಲ್ಲೂ ಒಂದು ಕೊರತೆ ಇತ್ತು. ಸ್ಪೆಲ್ ಚೆಕ್ ಮಾಡಿದ್ದಕ್ಕೂ ಒಂದು ಗೆರೆ ಇಟ್ಟಿದ್ದರು. ಅದು ಅತಿ ಆಯಿತು. ಎಲ್ಸೆವಿಯರ್ ಪ್ರಕಾಶನದವರು ಲೇಖನದ ಕೊನೆಗೆ, ಗ್ರಂಥಸೂಚಿಗೆ ಮುಂಚೆ ಎಐ ಘೋಷಣೆ ಕೇಳುತ್ತಾರೆ, ಆದರೆ ಕಾಗುಣಿತ, ವ್ಯಾಕರಣ ನೋಡುವ ಸಾಮಾನ್ಯ ಸಾಧನಕ್ಕೂ ಉಲ್ಲೇಖ ಜೋಡಿಸುವ ಸಾಫ್ಟ್‌ವೇರ್‌ಗೂ ಅದು ಬೇಡ ಅನ್ನುತ್ತಾರೆ. ವೈನಿಗೆ ತೋರಿಸಿದೆ, ಒಪ್ಪಿಕೊಂಡು ಗೆರೆ ತೆಗೆದರು. ಹೀಗೆ ಮಾತು ಕೇಳುವ ಗುಣ ಇರುವುದರಿಂದಲೇ ಡಿಟೆಕ್ಟರ್ ವಿಷಯದಲ್ಲೂ ನನಗೆ ಆಸೆ ಇದೆ.

ಉಳಿದ ಕೆಲಸದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ವೈನಿಯ ಕನ್ನಡ ಟೈಪಿಂಗ್ ಚೊಕ್ಕ. ಹಳೆಯ ನುಡಿ ಫಾಂಟಿನ ಫೈಲನ್ನು ಯೂನಿಕೋಡ್‌ಗೆ ಬದಲಿಸಿಕೊಡುತ್ತಾರೆ, ಬದಲಿಸಿದಾಗ ಅರ್ಕಾವತ್ತು ಹಾರಿ ಪಕ್ಕದ ಅಕ್ಷರಕ್ಕೆ ಹೋಗಿ ಕೂರುವುದನ್ನು ಸಾಲು ಸಾಲು ನೋಡಿ ಸರಿ ಮಾಡುತ್ತಾರೆ. ಇದು ಸುಮ್ನೆ ಅಂದಕ್ಕಲ್ಲ. ನುಡಿ ಫಾಂಟಿನಲ್ಲಿ ಇರುವ ಪಠ್ಯ ಹೋಲಿಕೆ ನೋಡುವ ಸಾಫ್ಟ್‌ವೇರ್‌ಗೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದ ಹಾಗೆ ಕಾಣುತ್ತದೆ, ಅದರ ರಿಪೋರ್ಟಿಗೆ ಅರ್ಥವೇ ಇರಲ್ಲ. ಬೈಂಡಿಂಗ್ ಗಟ್ಟಿ, ಬೆನ್ನಿನ ಮೇಲಿನ ಬಂಗಾರದ ಅಕ್ಷರ ಒರೆಸಿದರೆ ಹೋಗಲ್ಲ. ದರ ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ, ಬೋರ್ಡ್ ಮೇಲೆ ಬರೆದಿಲ್ಲ, ಮೊದಲೇ ಕೇಳಿಕೊಳ್ಳಿ. ಎಐ ಹಾಳೆಗೆ ಬೇರೆ ದುಡ್ಡಿಲ್ಲ. ಕೂರಲು ಜಾಗ ಕಡಿಮೆ. ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ.

ಹೋಗುವವರು ಟೂಲ್‌ಗಳ ಜೊತೆ ನಡೆಸಿದ ಸಂಭಾಷಣೆಗಳನ್ನು ಅಳಿಸದೆ ಇಟ್ಟುಕೊಂಡು, ತಾರೀಖು ಸಮೇತ ಒಂದು ಫೈಲ್ ಮಾಡಿಕೊಂಡು ಹೋಗಿ. ಆಮೇಲೆ ನೆನಪು ಮಾಡಿಕೊಂಡು ಬರೆಯಲು ಆಗಲ್ಲ. ಹಾಳೆಯ ಕೊನೆಗೆ ಗೈಡ್ ಸಹಿಗೂ ಒಂದು ಜಾಗ ಇದೆ, ಹಾಗಾಗಿ ಸಬ್ಮಿಶನ್ ಹಿಂದಿನ ದಿನ ಓಡಬೇಡಿ, ಪ್ರಿ-ಸಬ್ಮಿಶನ್ ಸೆಮಿನಾರ್‌ಗೆ ಮುಂಚೆಯೇ ಹಾಳೆ ತಂದು ತುಂಬಿ ಗೈಡ್ ಮುಂದೆ ಇಡಿ. ಅವರು ಏನಾದರೂ ಬೇಡ ಅಂದರೆ ತಿದ್ದಲು ಸಮಯ ಇರುತ್ತದೆ. ಅಂಗಡಿ ಭಾನುವಾರ ರಜೆ.